ಟೆನ್ಚಾಳ ಮೂಗು

ಓರ್ತೆನ್ಸಿಯಾ ಸರಗೋಸಾ ಎಂದರೆ ನಮ್ಮ ಮಾಕ್ಸಿ ಊರಿನಲ್ಲಿ ಅಂಚೆಯವನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ಟೆನ್ಚಾ ಅನ್ನಿ, ಊರಿಗೆ ಊರೇ ಅವಳ ಮನೆಯ ದಾರಿ ತೋರಿಸುತ್ತದೆ. ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂ ಒಣಗಿಸುವ ಶೆಡ್ಡಿನಲ್ಲಿ ಮೂವತ್ತೊಂದು ಸುಗ್ಗಿ ಕಳೆದವಳು ಅವಳು. ನಾನು ಗಿಲ್ಬರ್ಟ್ ತಿಬೊಡೊ, ಪಕ್ಕದ ಮನೆಯವನು. ಹಾಪ್ಸ್ ಬಿಡಿಸುವ ಯಂತ್ರಗಳನ್ನು ರಿಪೇರಿ ಮಾಡಿ ಮಾಡಿ ಎಡಗಿವಿ ಮಂದ ಮಾಡಿಕೊಂಡು ನಿವೃತ್ತನಾದವನು. ನನ್ನ ಬಗ್ಗೆ ಇಷ್ಟು ಸಾಕಿತ್ತು. ಆದರೆ ನಾನು ಮಾಡಿದ ಒಂದು ತಪ್ಪು ಅವಳ ಕಥೆಯ ನಟ್ಟನಡುವೆ ಬಂದು ಕೂತಿದೆ. ಅದನ್ನು ಬಿಟ್ಟು ಹೇಳಿದರೆ ಅವಳೇ ನನ್ನನ್ನು ಬಿಡುವುದಿಲ್ಲ.

ಒಣಗಿಸುವ ಶೆಡ್ಡಿನ ಕೆಲಸ ನೋಡುವುದಕ್ಕೆ ಏನೂ ಅಲ್ಲ. ಹಸಿ ಹಾಪ್ಸ್ ಹೂಗಳನ್ನು ಸೊಂಟದೆತ್ತರದ ಹಾಸಾಗಿ ಹರಡುತ್ತಾರೆ, ಕೆಳಗಿಂದ ಬಿಸಿಗಾಳಿ ಊದುತ್ತಾರೆ, ಒಣಗಿದ ಮೇಲೆ ಒತ್ತಿ ಮೂಟೆ ಕಟ್ಟುತ್ತಾರೆ. ಕಷ್ಟ ಇರುವುದು ಒಂದೇ ಕಡೆ: ಸಾಕು ಅಂತ ಹೇಳುವುದು ಯಾವಾಗ? ಹೆಚ್ಚು ಒಣಗಿದರೆ ಹೂವು ಪುಡಿಯಾಗಿ ಘಮ ಹಾರಿಹೋಗುತ್ತದೆ. ಕಡಿಮೆ ಒಣಗಿದರೆ ಮೂಟೆಯ ಹೊಟ್ಟೆಯಲ್ಲಿ ತಾನೇ ಬಿಸಿಯಾಗುತ್ತದೆ. ಟೆನ್ಚಾ ಮೊಣಕೈವರೆಗೆ ತೋಳು ಇಳಿಸಿ ಒಂದು ಹಿಡಿ ಎತ್ತುತ್ತಿದ್ದಳು. ಎರಡು ಅಂಗೈ ನಡುವೆ ಇಟ್ಟು ಉಜ್ಜಿ ಮೂಗಿಗೆ ಹಿಡಿಯುತ್ತಿದ್ದಳು. ತೇವ ಅಳೆಯುವ ಯಂತ್ರ ಹಿಡಿದು ನಿಂತ ಹೊಸ ಮ್ಯಾನೇಜರುಗಳು ಗುಂಡಿ ಒತ್ತುವ ಮೊದಲೇ ಅವಳು ಅಂಕಿ ಹೇಳಿಬಿಡುತ್ತಿದ್ದಳು. ಯಂತ್ರ ಆಮೇಲೆ ಒಪ್ಪಿಕೊಳ್ಳುತ್ತಿತ್ತು.

ಅವಳು ಕೆಲಸಕ್ಕೆ ಸೇರಿದ ಏಳನೆಯ ವರ್ಷ ನಮ್ಮ ಕಣಿವೆಯ ಆ ಬದಿಯ ಒಂದು ಗೋದಾಮು ಸುಟ್ಟುಹೋಯಿತು. ಶೆಡ್ಡಿನವನೊಬ್ಬ ಸಾಹುಕಾರನ ಅವಸರ ನೋಡಿ, ಮುಖ ಮುರಿಯಲಾರದೆ "ಒಣಗಿದೆ" ಅಂದುಬಿಟ್ಟಿದ್ದನಂತೆ. ಮೂರನೆಯ ದಿನ ಮೂಟೆಗಳ ಒಳಗಿಂದ ಹೊಗೆ ಬಂತು. ಒಂದು ಇಡೀ ವರ್ಷದ ಬೆಳೆ ಬೂದಿ. ಆ ಮನುಷ್ಯನ ಮೇಲೆ ಟೆನ್ಚಾಗೆ ಸಿಟ್ಟಿರಲಿಲ್ಲ, ಅವನನ್ನು ನೆನೆದರೆ ಅವಳಿಗೆ ಭಯವಾಗುತ್ತಿತ್ತು. "ಒಳ್ಳೇವ್ನು ಪಾಪ. ಒಳ್ಳೇತನದಿಂದಾನೇ ಬೆಂಕಿ ಹಚ್ಚಿದ" ಅನ್ನುತ್ತಿದ್ದಳು. ತನ್ನ ಕೈಕೆಳಗೆ ಯಾರೇ ಬರಲಿ, ಮೊದಲ ದಿನ ಕೂರಿಸಿಕೊಂಡು ಒಂದೇ ಪಾಠ ಹೇಳುತ್ತಿದ್ದಳು: ಕುಡಿದು ಬಾ, ತಡವಾಗಿ ಬಾ, ಹಾಪ್ಸ್ ವಿಷಯದಲ್ಲಿ ಮಾತ್ರ ಸುಳ್ಳು ಹೇಳಬೇಡ.

ನಿವೃತ್ತಳಾದ ವರ್ಷವೇ ಅವಳು ಗ್ಯಾರೇಜಿನಲ್ಲಿ ಬಿಯರ್ ಮಾಡುವುದಕ್ಕೆ ಹತ್ತು ಗ್ಯಾಲನ್ ಹಿಡಿಯುವ ಸ್ಟೀಲಿನ ಹಂಡೆ ತಂದಳು.

"ನಿನಗ್ಯಾಕೆ ಈ ವಯಸ್ಸಲ್ಲಿ ಈ ಕೆಲಸ?" ಅಂತ ಕೇಳಿದ್ದೆ.

"ಮೂವತ್ತೊಂದು ವರ್ಷ ಒಣಗಿಸಿ ಒಣಗಿಸಿ ಲಾರಿಗೆ ಹಾಕಿದೀನಿ. ಅದು ಎಲ್ಲಿಗೆ ಹೋಗುತ್ತೆ, ಏನಾಗುತ್ತೆ ಅಂತ ನೋಡೋದು ಬೇಡ್ವಾ? ನೀನು ಮಾತಾಡ್ತಾ ನಿಂತಿರ್ಬೇಡ, ಆ ಕಡೆ ಹಿಡಿ."

ಆ ಕಡೆ ಹಿಡಿದೆ. ಅಲ್ಲಿಂದ ಶುರುವಾಯಿತು. ಹದಿನೈದು ದಿನಕ್ಕೊಂದು ಶನಿವಾರ ಬೆಳಿಗ್ಗೆ ಅವಳ ಗ್ಯಾರೇಜು. ಭಾರ ಎತ್ತುವುದು, ಒಲೆ ಹಚ್ಚುವುದು, ಬೈಸಿಕೊಳ್ಳುವುದು ನನ್ನ ಪಾಲು, ಉಳಿದದ್ದೆಲ್ಲ ಅವಳದು. ಮೊಳಕೆ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಬಸಿದರೆ ಸಿಹಿಯಾದ ಕಂದು ರಸ ಸಿಗುತ್ತದೆ. ನಮ್ಮ ಕಡೆ ಅದಕ್ಕೆ ವರ್ಟ್ ಅನ್ನುತ್ತಾರೆ. ಅದನ್ನು ಒಂದು ಗಂಟೆ ಕುದಿಸಬೇಕು. ಹಾಲಿನ ಹಾಗೆಯೇ ಅದು, ಕಣ್ಣು ತಪ್ಪಿಸಿದರೆ ಉಕ್ಕಿ ನೆಲಕ್ಕೆ. ಹಾಗಂತ ಮುಚ್ಚಳ ಹಾಕುವಂತಿಲ್ಲ, ಹಾಕಿದರೆ ಬೇಯಿಸಿದ ಜೋಳದ ವಾಸನೆ ಒಳಗೇ ಉಳಿದುಬಿಡುತ್ತದೆ. ನನ್ನ ಕೈಗೆ ನೀರು ಚಿಮುಕಿಸುವ ಬಾಟಲಿ ಕೊಟ್ಟು ನಿಲ್ಲಿಸುತ್ತಿದ್ದಳು. ನೊರೆ ಅಂಚಿಗೆ ಬಂದ ಕೂಡಲೇ ನಾನು ಚಿಮುಕಿಸಬೇಕು, ಅದು ಗೊಣಗುತ್ತ ಕೆಳಗಿಳಿಯಬೇಕು.

ಮೇಜಿನ ಮೇಲೆ ಮೂರು ಬಟ್ಟಲಲ್ಲಿ ಹಾಪ್ಸ್. ಮೊದಲನೆಯದು ಕುದಿ ಬಂದ ಕೂಡಲೇ ಬೀಳುತ್ತದೆ. ಅದು ಗಂಟೆಯಿಡೀ ಬೆಂದು ಕಹಿ ಕೊಡುತ್ತದೆ, ಘಮವೆಲ್ಲ ಆವಿಯಾಗಿ ಹೋಗುತ್ತದೆ. ಎರಡನೆಯದು ಮುಕ್ಕಾಲು ಗಂಟೆಗೆ, ರುಚಿಗೆ. ಮೂರನೆಯದು ಒಲೆ ಆರಿಸುವ ಗಳಿಗೆಯಲ್ಲಿ. ಲೋಟ ಎತ್ತಿದರೆ ಮೂಗಿಗೆ ಬರುವ ಘಮವೆಲ್ಲ ಅದರದ್ದು. ಹಾಕುವ ಮೊದಲು ಒಂದು ಹಿಡಿ ಉಜ್ಜಿ, ಮೊದಲು ತನ್ನ ಮೂಗಿಗೆ, ಈಚೀಚೆಗೆ ಆಮೇಲೆ ನನ್ನ ಮೂಗಿಗೂ ಹಿಡಿಯುತ್ತಿದ್ದಳು. ನಮ್ಮೂರಲ್ಲಿ ಹಾಪ್ಸ್ ಪೊಟ್ಟಣದ ಮೇಲಿನ ತಾರೀಖನ್ನು ಯಾರೂ ಓದುವುದಿಲ್ಲ. ಅದನ್ನು ಓದುವವರು ಹೊರಗಿನವರು. ನಮ್ಮದೇನಿದ್ದರೂ ಮೂಗಿನ ಲೆಕ್ಕ.

ನನ್ನ ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ. ಟೆನ್ಚಾಳ ಗಂಡ ಹೋಗಿ ಇನ್ನೂ ಹೆಚ್ಚು. ಊರವರು ಕಣ್ಣು ಮಿಟುಕಿಸುತ್ತಿದ್ದರು, ಮಿಟುಕಿಸಲಿ ಬಿಡಿ. ಉಳಿದ ದಿನವೆಲ್ಲ ನಾನು ಸುಮ್ಮನೆ ಇರುತ್ತಿದ್ದೆ. ಬದುಕಿದೆ ಅಂತ ಅನ್ನಿಸುತ್ತಿದ್ದದ್ದು ಆ ಶನಿವಾರ ಮಾತ್ರ.

ಅವಳ ಒಬ್ಬಳೇ ಮಗಳು ಮರಿಸೆಲಾ. ಹಾಪ್ಸ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಅವಳ ಮದುವೆ ಮೇ ತಿಂಗಳ ಕೊನೆಗೆ ಗೊತ್ತಾಯಿತು. "ಬಿಯರ್ ನಂದು" ಎಂದು ಟೆನ್ಚಾ ಅವತ್ತೇ ಘೋಷಿಸಿದಳು. ಅದಕ್ಕಾಗಿ ಅವಳ ಹತ್ತಿರ ಒಂದು ಗಂಟು ಇತ್ತು. ನಿವೃತ್ತಳಾಗುವ ಮುಂಚೆ ತಾನು ಒಣಗಿಸಿದ ಕಟ್ಟಕಡೆಯ ಹಾಸಿನಿಂದ ಎರಡು ಪೌಂಡು ಹಾಪ್ಸ್ ಎತ್ತಿ, ಚೀಲದ ಬಾಯಿ ಬಿಗಿದು ಫ್ರೀಜರಿನ ತಳದಲ್ಲಿ ಇಟ್ಟಿದ್ದಳು. ಐದು ವರ್ಷದಿಂದ ಮುಟ್ಟಿರಲಿಲ್ಲ. "ಮಗಳ ಮದುವೆಗೆ ಬೇರೆಯವರು ಒಣಗಿಸಿದ್ದು ಹಾಕ್ಲಾ?" ಅನ್ನುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಶನಿವಾರ. ಹಂಡೆಯಲ್ಲಿ ವರ್ಟ್ ಇನ್ನೇನು ಕುದಿಯಬೇಕು, ಅವಳು ಚೀಲದ ಬಾಯಿ ಕತ್ತರಿಸಿದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಅಲ್ಲಿಗೇ ಬಂತು. ಹಳಸಿದ ಚೀಸು, ಅದರ ಜೊತೆಗೆ ಬೂಟಿನೊಳಗೆ ವಾರಗಟ್ಟಲೆ ಉಳಿದ ಕಾಲುಚೀಲ. ಚೀಲಕ್ಕೆ ಗಾಳಿ ಹೋಗಿರಬೇಕು, ಹಿಂದಿನ ಚಳಿಗಾಲ ಅವಳು ಮಗಳ ಮನೆಯಲ್ಲಿದ್ದಾಗ ಕರೆಂಟು ಹೋಗಿ ಫ್ರೀಜರ್ ಮೂರು ದಿನ ನಿಂತದ್ದೂ ಸೇರಿರಬೇಕು. ಹಾಪ್ಸ್ ಕೆಟ್ಟರೆ ಬರುವುದೇ ಆ ವಾಸನೆ. ನಮ್ಮೂರಿನ ಯಾರನ್ನು ಬೇಕಾದರೂ ಕಣ್ಣು ಕಟ್ಟಿ ನಿಲ್ಲಿಸಿ, ಹೇಳುತ್ತಾರೆ.

ಟೆನ್ಚಾ ಒಂದು ಹಿಡಿ ತೆಗೆದಳು. ಉಜ್ಜಿದಳು. ಎರಡೂ ಅಂಗೈಗಳಲ್ಲಿ ಮುಖ ಹುದುಗಿಸಿ ಉಸಿರೆಳೆದಳು.

"ನೋಡು, ಐದು ವರ್ಷ ಆದ್ರೂ ಹಾಗೇ ಇದೆ" ಎಂದು ಅಂಗೈಗಳನ್ನು ನನ್ನ ಮುಖಕ್ಕೆ ಚಾಚಿದಳು.

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಎರಡು ವರ್ಷದ ಹಿಂದೆ ಊರಿಗೆಲ್ಲ ಬಂದ ಜ್ವರ ಅವಳಿಗೂ ಬಂದು ಹೋಗಿತ್ತು. ಆಮೇಲೆ ಅವಳು ಕಾಫಿ ಬಿಟ್ಟಿದ್ದಳು. ಸಾರಿಗೆ ಮೆಣಸಿನಕಾಯಿ ಬೇಕಾಬಿಟ್ಟಿ ಹಾಕುತ್ತಿದ್ದಳು. ಒಂದು ದಿನ ಒಳಗೆ ಒಲೆಯ ಮೇಲೆ ಬೀನ್ಸ್ ತಳ ಹಿಡಿದು ಸೀದುಹೋಗುತ್ತಿದ್ದರೆ ಇವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದಳು. ವಯಸ್ಸು ಅಂದುಕೊಂಡಿದ್ದೆ. ಯಾರ ಮೂಗನ್ನು ಇಡೀ ಕಣಿವೆ ನಂಬಿತ್ತೋ ಅವಳ ಮೂಗು ಹೋಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂಗೈಗಳ ಮೇಲಿಂದ ಅವಳ ಕಣ್ಣು ನನ್ನನ್ನೇ ನೋಡುತ್ತಿದ್ದವು. ಮುಖದ ಒಂದು ಗೆರೆ ಅಲುಗಿಸದೆ ನಿಂತೆ.

"ಚೆನ್ನಾಗಿದೆ" ಎಂದೆ.

ಮೊದಲ ಬಟ್ಟಲು ಬಿತ್ತು. ಅದಕ್ಕೆ ನಾನು ಅಷ್ಟು ಹೆದರಲಿಲ್ಲ. ಗಂಟೆಯಿಡೀ ಕುದಿಯುವಾಗ ಕೆಟ್ಟದ್ದು ಬಹುಪಾಲು ಹೋದೀತು. ಹೆದರಿಕೆ ಮೂರನೆಯದರದ್ದು. ಅದು ಬಿದ್ದರೆ ಬಿದ್ದ ಹಾಗೆ. ಹೇಳುವುದಕ್ಕೆ ಒಂದು ಗಂಟೆ ಸಮಯ ನನ್ನ ಕೈಯಲ್ಲಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಗಂಟೆ ಇನ್ನೊಂದಿಲ್ಲ.

ಒಂದು ಯೋಚನೆ ಬಂತು: ಉಕ್ಕಿ ಹೋಗಲಿ. ನೊರೆ ಏಳುತ್ತಿದ್ದಾಗ ಬಾಟಲಿ ಹಿಡಿದು ಸುಮ್ಮನೆ ನಿಂತೆ. ನೊರೆ ಏರಿತು, ಅಂಚಿಗೆ ಬಂತು, ಅಂಚಿನ ಮೇಲೆ ಗುಮ್ಮಟವಾಗಿ ನಿಂತಿತು. ಅಷ್ಟರಲ್ಲಿ ಈ ದರಿದ್ರ ಕೈ ಅಭ್ಯಾಸಬಲದಿಂದ ತಾನೇ ಚಿಮುಕಿಸಿಬಿಟ್ಟಿತು.

"ನಿದ್ದೆ ಮಾಡ್ತಿದೀಯಾ?" ಅಂದಳು ಟೆನ್ಚಾ.

"ಟೆನ್ಚಾ, ಕೊನೇ ಬಟ್ಟಲು ಬಿಟ್ಟುಬಿಡೋಣ್ವಾ? ಗಂಡಿನ ಕಡೆಯೋರು ಹೊರಗಿನೋರು. ಅವ್ರಿಗೆ ಹಾಪ್ಸ್ ಘಾಟು ಅಭ್ಯಾಸ ಇರಲ್ಲ."

"ಹೊರಗಿನೋರಿಗೆ ಮೂಗಿಲ್ವಾ?"

ಗಂಟೆ ಮುಗಿಯಿತು. ಒಲೆ ಆರಿಸಿ ಅವಳು ಶಿಲುಬೆಯ ಗುರುತು ಮಾಡಿ, ಮೂರನೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಮಗಳ ಹೆಸರು ಹೇಳಿ ಹಂಡೆಗೆ ಸುರಿದಳು. ಮೂರು ವಾರದ ಮೇಲೆ ಪೀಪಾಯಿಗೆ ತುಂಬಿಸುವಾಗ ಒಂದು ಲೋಟ ಕೊಟ್ಟು ಹೇಗಿದೆ ಅಂದಳು. ಮೊದಲು ಹೇಳಿದ ಸುಳ್ಳು ಎರಡನೆಯದನ್ನು ಕೈ ಹಿಡಿದು ಎಳೆತಂದಿತು. ಚೆನ್ನಾಗಿದೆ ಎಂದೆ.

ಮದುವೆ ಚೆನ್ನಾಗಿ ನಡೆಯಿತು, ಬಿಸಿಲು ಹಿತವಾಗಿತ್ತು, ಹುಡುಗಿ ಚಂದ ಕಾಣುತ್ತಿದ್ದಳು. ಊಟದ ಮೇಜಿನ ಪಕ್ಕ ಟೆನ್ಚಾ ಹೊಸ ನೀಲಿ ಉಡುಪಿನಲ್ಲಿ ಪೀಪಾಯಿಯ ನಲ್ಲಿ ಹಿಡಿದು ನಿಂತಿದ್ದಳು. ಒಬ್ಬೊಬ್ಬರಿಗೂ ತಾನೇ ಬಗ್ಗಿಸಿ ಕೊಟ್ಟಳು. ಅವಳ ಶೆಡ್ಡಿನ ಹಳೆಯ ಹೆಂಗಸರು ಏಳೆಂಟು ಜನ ಬಂದಿದ್ದರು. ಲೋಟ ಬಾಯಿಯ ಹತ್ತಿರ ಹೋದ ಕೂಡಲೇ ಅವರಿಗೆಲ್ಲ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಹಳ ಚೆನ್ನಾಗಿದೆ ಟೆನ್ಚಾ" ಅಂದರು. ಅಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಹೂಕುಂಡಗಳ ಹಿಂದೆ, ಕುರ್ಚಿಗಳ ಕೆಳಗೆ ಲೋಟಗಳು ಕೂತಿದ್ದವು. ಎಲ್ಲರದ್ದೂ ಪ್ರೀತಿಯೇ. ಎಲ್ಲರೂ ನನ್ನ ಹಾಗೇ.

ಗಂಡಿನ ತಂದೆ ಹಾಲ್ವರ್ಸನ್, ಸಿಯಾಟಲ್ ಕಡೆಯವರು, ಒಳ್ಳೆಯ ಮನುಷ್ಯ. ಅವರೊಬ್ಬರೇ ಲೋಟ ಖಾಲಿ ಮಾಡಿ ಎರಡನೆಯದಕ್ಕೆ ಬಂದರು.

"ಬೀಗಿತಿಯವ್ರೇ, ಒಂದು ಮಾತು ಕೇಳ್ಲಾ? ಇದನ್ನ ನೀವು ಬೇಕಂತಲೇ ಹೀಗೆ ಮಾಡಿದ್ದಲ್ವಾ?"

"ಹೀಗೆ ಅಂದ್ರೆ?"

"ಬೆಲ್ಜಿಯಂಗೆ ಹೋದಾಗ ಕುಡಿದಿದ್ದೆ. ಹಾಪ್ಸ್‌ನ ಎರಡು ಮೂರು ವರ್ಷ ಹಾಗೇ ಹಳೇದಾಗೋಕೆ ಬಿಟ್ಟು ಹಾಕ್ತಾರಂತೆ ಅಲ್ಲಿ. ಈ ಚೀಸ್ ವಾಸನೆ ಇದೆಯಲ್ಲ, ಅದೇ ಇದು. ಮದುವೇಲಿ ಇದನ್ನ ಇಡೋಕೆ ಧೈರ್ಯ ಬೇಕು ನೋಡಿ."

ಅವರು ಹೊಗಳುತ್ತಿದ್ದರು, ಸತ್ಯವಾಗಿ ಹೊಗಳುತ್ತಿದ್ದರು. ಟೆನ್ಚಾ ನಲ್ಲಿಯ ಮೇಲಿನ ಕೈ ತೆಗೆಯಲಿಲ್ಲ.

"ಹೌದು" ಅಂದಳು. "ಬೇಕಂತಲೇ."

ಆಮೇಲೆ ತಲೆಯೆತ್ತಿ ಮೇಜುಗಳನ್ನು ನೋಡಿದಳು. ಹೂಕುಂಡಗಳನ್ನು ನೋಡಿದಳು. ತನ್ನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ನನ್ನನ್ನು. ನಾನು ಬೂಟಿನ ದಾರ ಕಟ್ಟುವುದಕ್ಕೆ ಬಗ್ಗಿದೆ. ಕಟ್ಟಿಯೇ ಇತ್ತು ಅದು.

ಅವಳು ನಲ್ಲಿ ತಿರುಗಿಸಿ ಮುಚ್ಚಿದಳು. ನಿಂಬೆಹಣ್ಣಿನ ಪಾನಕದ ಜಗ್ಗು ಎತ್ತಿಕೊಂಡು ಮೇಜಿಂದ ಮೇಜಿಗೆ ಬಡಿಸುತ್ತ ಹೋದಳು, ನಗುನಗುತ್ತ. ಮಗಳ ಜೊತೆ ಕುಣಿದಳು. ನನ್ನ ಮೇಜಿಗೆ ಮಾತ್ರ ಬರಲಿಲ್ಲ.

ಮುಂದಿನ ಶನಿವಾರ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಕಿಟಕಿಯಿಂದ ನೋಡಿದರೆ ಹಂಡೆ ಬೋರಲಾಗಿ ಮಲಗಿತ್ತು. ಬಾಗಿಲು ತಟ್ಟಿದರೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಇರುತ್ತಿದ್ದಳು, ರೇಡಿಯೋ ಹಾಡುತ್ತಿದ್ದರೂ. ಜೂನ್ ಹೋಯಿತು, ಜುಲೈ ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅರವತ್ತೊಂಬತ್ತು ವರ್ಷದ ಮುದುಕ ನಾನು, ಶನಿವಾರ ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಎಲ್ಲಿಗೂ ಹೋಗದೆ ಮಂಚದ ಮೇಲೆ ಕೂತು ಅತ್ತಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಅವಳು ಬೇಲಿಯ ಆ ಕಡೆ ಮೆಣಸಿನ ಗಿಡಗಳಿಗೆ ನೀರು ಹಾಕುತ್ತಿದ್ದಳು. ನಾನೇ ಓಡಿಹೋಗದಂತೆ ಬೇಲಿಗೆ ಅಂಟಿಕೊಂಡು ನಿಂತೆ.

"ಟೆನ್ಚಾ, ನಿನ್ನ ಮನಸ್ಸಿಗೆ ನೋವಾಗಬಾರ್ದು ಅಂತ ಹೇಳಲಿಲ್ಲ ಕಣೇ. ನಿನ್ನ ಮೂಗು ಹೋಗಿದೆ ಅಂತ ನಿನಗೆ ಗೊತ್ತಾಗಬಾರ್ದು ಅಂತ."

ಅವಳು ಪೈಪು ಕೆಳಗೆ ಹಾಕಿದಳು.

"ನನ್ನ ಮೂಗು ಹೋಗಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಎರಡು ವರ್ಷದಿಂದ ನಂಗೆ ಒಂದು ವಾಸನೆ ಬಂದಿಲ್ಲ. ಮೊದಲು ನನ್ನ ಮೂಗಿಗೆ ಹಿಡಿದಿದ್ದು ನಾಟಕ ಮಾರಾಯ. ಆಮೇಲೆ ನಿನ್ನ ಮೂಗಿಗೆ ಹಿಡಿಯೋದು ಯಾಕೆ ಅಂತ ಒಂದ್ಸಲಾನೂ ಯೋಚನೆ ಮಾಡ್ಲಿಲ್ವಾ?"

"ನಂಗೆ ಕಲಿಸ್ತಿದೀಯಾ ಅಂದ್ಕೊಂಡೆ."

"ನಿನ್ನ ಮುಖ ನೋಡ್ತಿದ್ದೆ. ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ, ಎಲ್ಲ ಹೊರಗೆ ಬರುತ್ತೆ. ಹುಬ್ಬು ಮೇಲೆ ಹೋದ್ರೆ ಒಳ್ಳೇದು. ಬಾಯಿ ಸೊಟ್ಟ ಆದ್ರೆ ಆ ಬಟ್ಟಲು ಬದಿಗೆ. ಎರಡು ವರ್ಷ ಆ ಹಂಡೆಗೆ ಬಿದ್ದಿದ್ದೆಲ್ಲ ನಿನ್ನ ಮುಖ ನೋಡ್ಕೊಂಡು ಹಾಕಿದ್ದು. ಮಗಳ ಮದುವೇದಕ್ಕೂ ಅದನ್ನೇ ನೋಡಿದೆ. ಅವತ್ತು ಒಂದು ದಿನ ನೀನು ಕಲ್ಲಾಗಿಬಿಟ್ಟೆ."

ಬೇಲಿ ಹಿಡಿದುಕೊಂಡೆ.

"ಹೇಳಬಹುದಿತ್ತಲ್ಲ ನೀನು, 'ಗಿಲ್, ನನ್ನ ಮೂಗು ಹೋಗಿದೆ, ನಿನ್ನ ಮೂಗು ಕೊಡು' ಅಂತ."

"ಹೇಳಿದ್ರೆ ಟೆನ್ಚಾ ಮುಗಿದ್ಲು ಅಂತಾಗ್ತಿತ್ತು. ನಂದು ಭಯ. ನಿಂದೇನು?"

ನನ್ನದು ಏನೆಂದು ನನಗೆ ಗೊತ್ತಿತ್ತು. ಬೇಲಿಯ ಮೊಳೆ ಕೆರೆಯುತ್ತ ನಿಂತೆ.

"ಗೋದಾಮು ಸುಟ್ಟೋನೂ ನಿನ್ನ ಹಾಗೇ ಒಳ್ಳೇವ್ನು" ಅಂದಳು. ಪೈಪು ಎತ್ತಿಕೊಂಡಳು. "ಇನ್ನು ನಿನ್ನ ಮುಖ ನಂಬಿ ನಾನು ಏನು ಹಾಕ್ಲಿ? ಪಕ್ಕದ ಸೆಲಾ ಊರಿನವನೊಬ್ಬ ಹಂಡೆ ಕೇಳಿದಾನೆ. ಸುಗ್ಗಿ ಮುಗಿದ ಮೇಲೆ ಬಂದು ತಗೊಂಡು ಹೋಗ್ತಾನೆ."

ಸುಗ್ಗಿ ಮುಗಿಯುವುದಕ್ಕೆ ಮೂರು ವಾರ ಇತ್ತು. ಹಂಡೆ ಹೋದರೆ ಅದರ ಜೊತೆ ಏನೇನು ಹೋಗುತ್ತದೆ ಅಂತ ನಾನು ಲೆಕ್ಕ ಹಾಕಲಿಲ್ಲ, ಹಾಕುವುದಕ್ಕೆ ಧೈರ್ಯವಿರಲಿಲ್ಲ.

ನನ್ನ ಗ್ಯಾರೇಜಿನ ಹಿಂಗೋಡೆಗೆ ಒಂದು ಹಾಪ್ಸ್ ಬಳ್ಳಿ ಇದೆ. ಮೂರು ವರ್ಷದ ಹಿಂದೆ ಹಳೆಯ ತೋಟವೊಂದನ್ನು ಕಿತ್ತು ಹಾಕುವಾಗ ಬೇರಿನ ತುಂಡು ತಂದು ನೆಟ್ಟಿದ್ದೆ, ಟೆನ್ಚಾಗೆ ಕೊಡೋಣ ಅಂತ. ಎರಡು ವರ್ಷ ಎಲೆ ಬಿಟ್ಟರೆ ಏನಿಲ್ಲ. ಈ ವರ್ಷ ಗೋಡೆ ಕಾಣದಷ್ಟು ಹೂವು. ಜಗಳದಲ್ಲಿ ಅದನ್ನು ಬಿಡಿಸುವ ಮನಸ್ಸೇ ಬಂದಿರಲಿಲ್ಲ. ಸೆಪ್ಟೆಂಬರಿನ ಮೂರನೆಯ ಶುಕ್ರವಾರ, ಆ ಸೆಲಾದವನು ಬರುವುದಕ್ಕೆ ಎರಡು ದಿನ ಇರುವಾಗ, ದಪ್ಪ ಕೈಗವಸು ಹಾಕಿಕೊಂಡು ಅವಸರದಲ್ಲಿ ಎರಡು ಬಕೆಟ್ ಬಿಡಿಸಿ ಅವಳ ಬಾಗಿಲಿಗೆ ಹೋದೆ.

"ಒಂದೇ ಒಂದು ಸಲ ಕುದಿಸು. ಆಮೇಲೆ ಹಂಡೆ ಯಾರಿಗಾದ್ರೂ ಕೊಡು, ನಾನು ಕೇಳಲ್ಲ."

ಅವಳು ಬಕೆಟ್ಟಿನೊಳಗೆ ನೋಡಿದಳು, ಒಂದು ಹೂವು ಎತ್ತಿ ಬೆರಳಲ್ಲಿ ಒತ್ತಿದಳು. ಬಾಗಿಲು ಹಾಕುವಾಗ, "ಬೆಳಿಗ್ಗೆ ಎಂಟಕ್ಕೆ" ಅಂದಳು.

ಎಂಟಕ್ಕೆ ಹೋದೆ. ಮೊದಲಿನ ಹಾಗೇ ಆ ಕಡೆ ಹಿಡಿದೆ, ಒಲೆ ಹಚ್ಚಿದೆ. ಬಾರ್ಲಿ ನೆನೆಯಿತು, ರಸ ಬಸಿದೆವು. ನೊರೆ ಎದ್ದಿತು, ಚಿಮುಕಿಸಿದೆ, ಇಳಿಯಿತು. ಹಂಡೆ ತಳದಿಂದ ಕುದಿಯತೊಡಗಿತು. ಮೊದಲ ಬಟ್ಟಲು ಬೀಳುವ ಹೊತ್ತು.

ಟೆನ್ಚಾ ಬಟ್ಟಲನ್ನು ಮುಟ್ಟಲಿಲ್ಲ. ನನಗೆ ಬೆನ್ನು ಹಾಕಿ ಹಂಡೆಯ ಕಡೆ ತಿರುಗಿ ನಿಂತಳು.

"ನೀನೇ ಉಜ್ಜು. ನೀನೇ ಮೂಸು. ನಿನ್ನ ಮುಖ ನಾನು ನೋಡಲ್ಲ. ಬಾಯಲ್ಲಿ ಹೇಳು."

ಒಂದು ಹಿಡಿ ತೆಗೆದು ಉಜ್ಜಿದೆ. ಅಂಗೈಗೆ ಹಳದಿ ಪುಡಿ ಅಂಟಿತು. ಮೂಗಿಗೆ ಹಿಡಿದೆ. ಮೊದಲು ಪೈನ್ ಮರದ ಅಂಟಿನ ಹಾಗೆ ಬಂತು. ಎದೆ ಹಗುರಾಯಿತು. ಅದರ ಹಿಂದೆಯೇ ಇನ್ನೊಂದು ಬಂತು, ಬಂದು ಅಲ್ಲೇ ನಿಂತಿತು.

ಮೂರು ವರ್ಷ ನೀರು ಹಾಕಿದ್ದೆ. ಇದೊಂದು ಸರಿ ಹೋದರೆ ಹಂಡೆ ಇಲ್ಲೇ ಉಳಿದೀತು ಅಂತ ರಾತ್ರಿಯಿಡೀ ಅಂದುಕೊಂಡಿದ್ದೆ. ಅಷ್ಟೇನೂ ಕೆಟ್ಟದಲ್ಲ, ಕುದಿಸಿದರೆ ಅರ್ಧ ಹೋಗುತ್ತದೆ, ಅವಳಿಗೆ ಹೇಗೂ ಗೊತ್ತಾಗುವುದಿಲ್ಲ. ಇದೆಲ್ಲ ಒಂದು ಉಸಿರಿನೊಳಗೆ ತಲೆಯಲ್ಲಿ ಓಡಿತು. ಅವಳ ಬೆನ್ನು ನನ್ನ ಮುಂದೆ ಇತ್ತು. ಚಿಕ್ಕ ಬೆನ್ನು, ಒಂದು ಹೆಗಲು ಸ್ವಲ್ಪ ಕೆಳಗೆ, ಮೂವತ್ತೊಂದು ವರ್ಷ ಹಾಸಿನೊಳಗೆ ಕೈ ಇಳಿಸಿ ಇಳಿಸಿ.

"ಈರುಳ್ಳಿ" ಎಂದೆ.

ಅವಳು ತಿರುಗಲಿಲ್ಲ. "ಎಷ್ಟು?"

"ಹೆಚ್ಚಿಟ್ಟು ಮರೆತು ಮಾರನೇ ದಿನ ನೋಡಿದ ಈರುಳ್ಳಿ. ಬೆಳ್ಳುಳ್ಳಿನೂ ಇದೆ. ತಡವಾಗಿ ಬಿಡಿಸಿದೀನಿ, ಹೂವು ಮಾಗಿ ಕೆಟ್ಟಿದೆ. ಇದನ್ನ ಹಾಕ್ಬೇಡ ಟೆನ್ಚಾ. ಬಿಯರ್ ಹಾಳಾಗುತ್ತೆ."

"ಯಾರ ಬಳ್ಳಿ ಇದು?"

"ನಂದೇ. ನಿನಗೋಸ್ಕರ ನೆಟ್ಟಿದ್ದು. ಅವತ್ತು ಬೇಲಿ ಹತ್ರ ನಿಂದೇನು ಅಂತ ಕೇಳಿದ್ಯಲ್ಲ. ನಂದು ಇದು. ನೀನಂದ್ರೆ ನಂಗೆ ಇಷ್ಟ. ನೀನು ಈ ಹಂಡೆ ಮುಂದೆ ನಿಂತಿರೋದು ನಿಂತುಹೋಗುತ್ತೆ ಅಂತ ಹೆದರಿ ಸುಳ್ಳು ಹೇಳಿದೆ. ಈಗಲೂ ಹೆದರಿಕೆ ಇದೆ. ಆದ್ರೂ ಇದು ಈರುಳ್ಳೀನೇ."

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿದ್ದವು, ಆವಿಯಿಂದ ಅಂತ ಬೇಕಾದರೆ ಅಂದುಕೊಳ್ಳಿ.

"ಹೂವಿನ ತುದಿಯೆಲ್ಲ ಕಂದಾಗಿದೆ. ಅದನ್ನ ನೋಡೋಕೆ ಮೂಗು ಬೇಕಾಗಿಲ್ಲ. ಜುಲೈಯಿಂದ ಬೇಲಿ ಮೇಲಿಂದ ನೋಡ್ತಿದೀನಿ ನಿನ್ನ ಬಳ್ಳೀನ. ಆಗಸ್ಟ್‌ನಲ್ಲೇ ಬಿಡಿಸ್ಬೇಕಿತ್ತು. ಕೂಗಿ ಹೇಳೋಣ ಅಂತ ಎರಡ್ಸಲ ಬಾಯಿಗೆ ಬಂತು, ಕೋಪ ಇತ್ತಲ್ಲ, ನುಂಗ್ಕೊಂಡೆ."

"ಅಂದ್ರೆ ನಿನ್ನೆ ರಾತ್ರೀನೇ ಗೊತ್ತಿತ್ತು ನಿನಗೆ?"

"ನಿನ್ನೆ ರಾತ್ರಿ ಹಾಪ್ಸ್ ವಿಷಯ ಗೊತ್ತಿತ್ತು. ನಿನ್ನ ವಿಷಯ ಗೊತ್ತಿರ್ಲಿಲ್ಲ."

ಹಾಗೆಂದು ಫೋನು ತೆಗೆದು ಮಗಳಿಗೆ ಮಾಡಿದಳು. "ಮರಿಸೆಲಾ, ನಿಮ್ಮ ಶೆಡ್ಡಿಂದ ಇವತ್ತು ಬಿಡಿಸಿದ್ದು ಒಂದು ಚೀಲ ತಗೊಂಬಾ. ಇಲ್ಲಿ ಗಿಲ್ ಮಾಮ ಈರುಳ್ಳಿ ಬೆಳೆದಿದಾನೆ. ಬೇಗ ಏನೂ ಬೇಡ, ಕುದೀತಾ ಇರುತ್ತೆ, ನೀರು ಸೇರಿಸಿದ್ರಾಯ್ತು. ಆಮೇಲೆ ಆ ಸೆಲಾದವನ ನಂಬರ್ ನಿನ್ನ ಹತ್ರ ಇದೆಯಲ್ಲ, ಬರಬೇಡ ಅಂತ ಹೇಳಿಬಿಡು."

ಎರಡು ಕುರ್ಚಿ ಎಳೆದು ಹಂಡೆಯ ಪಕ್ಕ ಹಾಕಿದಳು. ಕೂತೆವು. ಹಂಡೆ ಒಂದೇ ಸಮ ಕುದಿಯುತ್ತಿತ್ತು. ಹೊರಗೆ ರಸ್ತೆಯಲ್ಲಿ ಹಸಿ ಬಳ್ಳಿ ಹೇರಿದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

"ಹೇಳು" ಅಂದಳು.

"ಏನು?"

"ಎರಡು ವರ್ಷ ಆಯ್ತು. ಏನೇನು ವಾಸನೆ ಇದೆ ಇಲ್ಲಿ, ಒಂದೊಂದೇ ಹೇಳು."

ನಾನು ಗ್ರೀಸು, ಡೀಸೆಲ್ಲುಗಳ ಮನುಷ್ಯ. ವಾಸನೆಗೆ ನನ್ನ ಹತ್ತಿರ ಮಾತೆಲ್ಲಿದೆ? ತಡವರಿಸಿ ಹೇಳತೊಡಗಿದೆ. ಹಂಡೆಯಿಂದ ಒಲೆಯಲ್ಲಿ ಕೆಂಪಗಾದ ಬ್ರೆಡ್ಡಿನ ಅಂಚಿನದು ಬರುತ್ತಿದೆ ಅಂದೆ. ಅದರ ಕೆಳಗೆ ಜೇನು, ಜೇನಿಗಿಂತ ಸ್ವಲ್ಪ ಕಪ್ಪಗಿನದು. ಬಸಿದು ಉಳಿದ ಬಾರ್ಲಿಯಿಂದ ಕುದುರೆಲಾಯದ ಒದ್ದೆ ಹುಲ್ಲು. ಒಲೆಯ ಗ್ಯಾಸು ಚೂರು. ಲಾರಿ ಹೋದಾಗಲೆಲ್ಲ ರಸ್ತೆಯಿಂದ ಹಸಿ ಹಾಪ್ಸ್, ಕಿತ್ತ ಹುಲ್ಲು, ಧೂಳು. ಅವಳು ಕಣ್ಣು ಮುಚ್ಚಿ ತಲೆಯಾಡಿಸುತ್ತ, ಹಳೆಯ ಗುರುತಿನವರ ಹೆಸರು ಒಬ್ಬೊಬ್ಬರದಾಗಿ ಕೇಳಿಸಿಕೊಂಡ ಹಾಗೆ ಕೇಳಿಸಿಕೊಂಡಳು.

"ಇನ್ನು?"

"ಇನ್ನು ನಿನ್ನ ತಲೆಗೂದಲಿಂದ ಸೋಪಿನ ವಾಸನೆ."

"ಅದನ್ನ ನಾನು ಕೇಳ್ಲಿಲ್ಲ" ಅಂದಳು ಕಣ್ಣು ತೆರೆಯದೆ. ಆಮೇಲೆ ಅಂದಳು, "ಅಂಗಡಿಯವನು ಚೆನ್ನಾಗಿದೆ ಅಂದ, ತಗೊಂಡ್ಬಂದೆ. ಒಂದು ವರ್ಷದಿಂದ ಅದನ್ನೇ ಹಚ್ಕೋತಿದೀನಿ. ಯಾವ ವಾಸನೆ ಅಂತ ಇವತ್ತಿಗೂ ಗೊತ್ತಿಲ್ಲ ನಂಗೆ. ನಿಜ ಹೇಳು."

ನಾನು ಕುರ್ಚಿ ಹತ್ತಿರ ಎಳೆದುಕೊಂಡೆ, ಬಗ್ಗಿ ಮೂಸಿದೆ, ನಿಜ ಹೇಳಿದೆ.